ಹುಳು ಕೆಟ್ಟರೆ ಸೊಸೆಯದೇ ತಪ್ಪೇ?



ಮದುವೆ, ಮುಂಜಿ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆ. ಅಂಚು ಎಷ್ಟಗಲ, ಸೆರಗು ಹೇಗಿದೆ ಅಂತ ನೋಡ್ತೇವೆಯೇ ಹೊರತು ಆ ನೂಲು ಕೊಟ್ಟ ಹುಳುವಿನ ಯೋಚನೆ ಯಾರಿಗೆ ಬರುತ್ತೆ ಹೇಳಿ? ಈ ಸಲ ಆ ಯೋಚನೆ ಹಚ್ಚಿದ್ದು ಶಿಡ್ಲಘಟ್ಟದ ಕಡೆಯ ಸೋದರಿಯೊಬ್ಬರ ಪತ್ರ.

"ನೂರು ಮೊಟ್ಟೆ ಹುಳು ಸಾಕಿದ್ದೆವು. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಊದಿಕೊಂಡು, ಹಾಲಿನಂಥ ನೀರು ಸುರಿಸಿ ಸತ್ತವು. ನಾನು ಹೊರಗಾಗಿದ್ದಾಗ ಹುಳುವಿನ ಮನೆಗೆ ಕಾಲಿಟ್ಟದ್ದೇ ಕಾರಣ ಅಂತ ಅತ್ತೆ ಹೇಳ್ತಾರೆ. ಯಜಮಾನರೂ ಸರಿಯಾಗಿ ಮಾತಾಡ್ತಿಲ್ಲ. ತಪ್ಪು ನನ್ನದೇನಾ ಅಕ್ಕಾ?"

ಇಲ್ಲ ತಂಗಿ, ಖಂಡಿತ ನಿಮ್ಮದಲ್ಲ. ಏಕೆಂದು ಹೇಳುತ್ತೇನೆ, ಕೇಳಿ.

ಹುಳು ಸಾಕುವವರ ಮಾತಿನಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ 400ರಿಂದ 500 ಮರಿಮೊಟ್ಟೆಗಳು. ನೂರು ಮೊಟ್ಟೆ ಎಂದರೆ ನಲವತ್ತು ಸಾವಿರಕ್ಕೂ ಮಿಕ್ಕಿದ ಕೂಸುಗಳ ಬಾಣಂತನ! ಸುಮಾರು 25 ದಿನಗಳಲ್ಲಿ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಅದನ್ನೇ 'ಜ್ವರ' ಅನ್ನುವುದು. ಆಗ ಅದು ತಿನ್ನುವುದಿಲ್ಲ, ತಲೆಯೆತ್ತಿ ಸುಮ್ಮನಿರುತ್ತದೆ. ಹುಟ್ಟಿದಾಗಿನ ತೂಕಕ್ಕಿಂತ ಹತ್ತು ಸಾವಿರ ಪಟ್ಟಿನಷ್ಟು ಬೆಳೆಯುವ ಈ ಜೀವ ಎಷ್ಟು ನೂಲು ಕೊಟ್ಟೀತು ಅನ್ನುವುದು ನಾಲ್ಕು ಸಂಗತಿಗಳ ಮೇಲೆ ನಿಂತಿದೆ.

ಮೊದಲನೆಯದು ತಳಿ. ನಮ್ಮ ಮೈಸೂರು ತಳಿ ಸೆಕೆಯನ್ನೂ ರೋಗವನ್ನೂ ತಾಳಿಕೊಳ್ಳುತ್ತದೆ, ಆದರೆ ಅದರ ಗೂಡಿನ ಎಳೆ 400 ಮೀಟರಿನ ಆಸುಪಾಸು. ದ್ವಿತಳಿ ಹುಳುವಿನ ಬಿಳಿ ಗೂಡಿನಲ್ಲಿ 1,000 ಮೀಟರಿಗೂ ಉದ್ದದ ಎಳೆ ಸಿಗುತ್ತದೆ. ಆದರೆ ಅದು ಬಲು ನಾಜೂಕು. ಎರಡರ ಗುಣವೂ ಇರಲಿ ಅಂತಲೇ ಮಿಶ್ರ ತಳಿ ಮಾಡುವುದು. ಇನ್ನೊಂದು ಸ್ವಾರಸ್ಯ: ಹೆಣ್ಣು ಗೂಡೇ ಹೆಚ್ಚು ತೂಗುತ್ತದೆ, ಆದರೆ ಆ ತೂಕ ಒಳಗಿನ ಮೊಟ್ಟೆ ತುಂಬಿದ ಕೋಶದ್ದು. ತೂಕಕ್ಕೆ ತಕ್ಕಂತೆ ನೋಡಿದರೆ ಗಂಡು ಗೂಡಿನಲ್ಲೇ ರೇಷ್ಮೆಯ ಪಾಲು ಜಾಸ್ತಿ.

ಎರಡನೆಯದು ಸೊಪ್ಪು. ರೇಷ್ಮೆಯ ಬಹುಪಾಲು ಹಿಪ್ಪುನೇರಳೆ ಎಲೆಯ ಪ್ರೋಟೀನಿನಿಂದಲೇ ಆಗುವುದು. ಚಾಕಿ ಹುಳುವಿಗೆ ಎಳೆಸೊಪ್ಪು, ದೊಡ್ಡ ಹುಳುವಿಗೆ ಬಲಿತ ಸೊಪ್ಪು. ಇಡೀ ಆಯುಸ್ಸಿನ ಊಟದಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಹುಳು ಕೊನೆಯ ಹಂತದಲ್ಲೇ ತಿನ್ನುತ್ತದೆ. ರೇಷ್ಮೆ ಗ್ರಂಥಿಗಳು ತುಂಬಿಕೊಳ್ಳುವುದೂ ಆಗಲೇ. ಆಗ ಬಾಡಿದ ಸೊಪ್ಪು ಹಾಕಿದಿರೋ, ಗೂಡು ತೆಳುವಾಯಿತು ಅಂತಲೇ ತಿಳಿಯಿರಿ.

ಮೂರನೆಯದು ಹವೆ. ಚಾಕಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸುಪು, ಒಳ್ಳೆಯ ತೇವ ಬೇಕು. ದೊಡ್ಡದಾದ ಮೇಲೆ 24–25 ಡಿಗ್ರಿ, ತೇವ ಕಡಿಮೆ, ಗಾಳಿ ಹೆಚ್ಚು. ಹಣ್ಣಾದ ಹುಳು ಚಂದ್ರಿಕೆ ಏರಿದಾಗಲೂ ಗಾಳಿ ಆಡಬೇಕು. ಇಲ್ಲದಿದ್ದರೆ ಗೂಡಿನಿಂದ ಎಳೆ ಸಲೀಸಾಗಿ ಬಿಚ್ಚುವುದಿಲ್ಲ.

ನಾಲ್ಕನೆಯದು ರೋಗ. ತಂಪು, ಥಂಡಿ ಹೆಚ್ಚಾದರೆ ಬೂಷ್ಟಿನಿಂದ ಸುಣ್ಣಕಟ್ಟು. ಸೆಕೆ, ಕೆಟ್ಟ ಸೊಪ್ಪು ಸೇರಿದರೆ ಸಪ್ಪೆ ರೋಗ. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಬರುತ್ತದೆ. ಇದನ್ನು ತಡೆಯುವ ದಾರಿ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. 1865ರಲ್ಲಿ ಅವರು ಆ ದೇಶದ ಆಲೆಸ್‌ಗೆ ಹೋಗಿ ಹುಳುಗಳ ಅಧ್ಯಯನಕ್ಕೆ ಕೂತರು. ಜೊತೆಗೆ ಹುಳು ಸಾಕಿದವರು ಯಾರು ಗೊತ್ತೇ? ಅವರ ಹೆಂಡತಿ ಮತ್ತು ಮಗಳು! ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಅವರ ಪದ್ಧತಿಯೇ ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿರುವುದು.

ಇನ್ನು ನಮ್ಮ ತಂಗಿಯ ಹುಳುಗಳ ವಿಚಾರ. ಮೈ ಊದುವುದು, ಹಾಲಿನಂಥ ನೀರು ಸುರಿಯುವುದು ಹಾಲುತೊಂಡೆ ರೋಗದ ಗುರುತು. ಇದಕ್ಕೆ ಕಾರಣ ಒಂದು ವೈರಸ್. ಹಿಂದಿನ ಬೆಳೆಯ ತಟ್ಟೆ, ಗೋಡೆ, ನೆಲದಲ್ಲಿ ಉಳಿದು, ಸೊಪ್ಪಿನ ಜೊತೆ ಹುಳುವಿನ ಹೊಟ್ಟೆ ಸೇರುತ್ತದೆ. ತೊಳೆಯದ ಕೈಯಿಂದಲೂ ಹರಡುತ್ತದೆ. ಆ ಕೈ ಸೊಸೆಯದೂ ಇರಬಹುದು, ಅತ್ತೆಯದೂ ಇರಬಹುದು, ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದ ಯಜಮಾನರದೂ ಇರಬಹುದು. ತಿಂಗಳ ಮುಟ್ಟಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಹುಳುವಿನ ಮನೆಗೆ ಮಡಿ ಬೇಕು ಅಂದ ಹಿರಿಯರ ಮಾತು ಸುಳ್ಳಲ್ಲ. ಆದರೆ ಆ ಮಡಿ ಕೈಕಾಲಿನದು, ಮನೆಮಂದಿಗೆಲ್ಲ ಸೇರಿದ್ದು.

ಮುಂದಿನ ಬೆಳೆಗೆ ಇಷ್ಟು ಮಾಡಿ:

* ಸತ್ತ ಹುಳುಗಳನ್ನು ತಿಪ್ಪೆಗೆ ಎಸೆಯಬೇಡಿ. ಸುಣ್ಣ ಹಾಕಿ ಹೂಳಿ.
* ಕೋಣೆ, ತಟ್ಟೆಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು, ತಟ್ಟೆಗಳನ್ನು ಬಿಸಿಲಿಗೆ ಒಣಗಿಸಿ.
* ಯಾರೇ ಒಳಗೆ ಹೋದರೂ ಕೈಕಾಲು ತೊಳೆದೇ ಹೋಗಲಿ.
* ಊಜಿ ನೊಣ ಬಾರದಂತೆ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಿ. 1980ರಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟ ಈ ಪೀಡೆ ಹುಳುವಿನ ಮೈಮೇಲೆಯೇ ಮೊಟ್ಟೆ ಇಡುತ್ತದೆ.
* ಹತ್ತಿರದಲ್ಲಿ ಸೊಳ್ಳೆ ಬತ್ತಿ ಹಚ್ಚಬೇಡಿ. ಸೊಳ್ಳೆಗೆ ವಿಷವಾದದ್ದು ಹುಳುವಿಗೂ ವಿಷವೇ. ಹೊಗೆಸೊಪ್ಪಿನ ಹೊಲದ ಪಕ್ಕದ ಸೊಪ್ಪೂ ಬೇಡ.

ತಂಗೀ, ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯವರ ಪಕ್ಕ ಕೂತು ಈ ಪುಟವನ್ನು ಮೆಲ್ಲಗೆ ಓದಿ ಹೇಳಿ. ಯಜಮಾನರಿಗೂ ಕೇಳಿಸುವಷ್ಟು ದನಿಯಲ್ಲಿ! ಬೆಳೆ ಹೋದ ಸಂಕಟ ಅವರಿಗೂ ಇದೆ, ಜಗಳ ಬೇಡ. ಮುಂದಿನ ಸಲ ಚಂದ್ರಿಕೆ ತುಂಬ ಗೂಡು ಕಟ್ಟಿದಾಗ ಮರೆಯದೆ ನಮಗೊಂದು ಕಾಗದ ಬರೆಯಿರಿ.