ಸೋಲಾರ್‌ಗೆ ಸಾವಿರಗಟ್ಟಲೆ, ಪೈಪಿಗೆ ಮಾತ್ರ ಜಿಪುಣತನ ಯಾಕೆ?

ಹಂಡೆ ಒಲೆ ಬಿಟ್ಟು ಸೋಲಾರ್ ಹಾಕಿಸುವಾಗ ನಮ್ಮೂರ ಜನ ಟ್ಯಾಂಕು ಎಷ್ಟು ಲೀಟರು, ಗ್ಲಾಸ್ ಟ್ಯೂಬು ಎಷ್ಟು ಅಂತ ಹತ್ತು ಕಡೆ ವಿಚಾರಿಸುತ್ತಾರೆ. ಬಿಸಿನೀರಿನ ಪೈಪಿನ ಮಾತು ಬಂದಾಗ ಮಾತ್ರ, "ಬೋರಿಗೆ ತಂದದ್ದು ಉಳಿದಿದೆಯಲ್ಲ, ಅದನ್ನೇ ಹಾಕಪ್ಪ" ಅನ್ನುತ್ತಾರೆ. ಇದನ್ನು ಉಳಿತಾಯ ಅಂತ ನಾವು ಒಪ್ಪುವುದಿಲ್ಲ.

ಬೋರಿನ ಪಿವಿಸಿ ಪೈಪು 45 ಡಿಗ್ರಿವರೆಗಿನ ನೀರಿಗೆ ಮಾಡಿದ್ದು. ಬೇಸಿಗೆಯಲ್ಲಿ ಸೋಲಾರ್ ನೀರು 70-80 ಡಿಗ್ರಿ ಮುಟ್ಟುತ್ತದೆ. ಪೈಪು ಮೆತ್ತಗಾಗಿ ಜೋಲುತ್ತದೆ, ಒಂದು ದಿನ ಜಾಯಿಂಟ್ ಬಿಡುತ್ತದೆ. ಆಗ ಕೆಳಗೆ ಮಗು ಸ್ನಾನಕ್ಕೆ ಕೂತಿದ್ದರೆ?

ಬಿಸಿಗೆ ಬೇಕಾದ್ದು ಸಿಪಿವಿಸಿ. ಕೆನೆ ಬಣ್ಣ ನೋಡಿ ನಂಬಬೇಡಿ. ಪೈಪಿನ ಮೇಲೆ ಐಎಸ್ 15778 ಅಂತ ಇದೆಯಾ ನೋಡಿ. ಎಲ್ಬೋ, ಟೀ ಅಷ್ಟೇ ಅಲ್ಲ, ಅಂಟೂ ಸಿಪಿವಿಸಿಯದ್ದೇ ಆಗಬೇಕು. ಅರ್ಧ ಡಬ್ಬಿ ಪಿವಿಸಿ ಅಂಟು ಉಳಿದಿದೆ ಅಂತ ಅದನ್ನೇ ಬಳಿಯುವ ಪ್ಲಂಬರುಗಳಿದ್ದಾರೆ, ಪಕ್ಕದಲ್ಲೇ ನಿಂತಿರಿ. ನಲ್ಲಿ ಕೂರಿಸುವ ಕಡೆ ಹಿತ್ತಾಳೆ ಮರೆ ಇರುವ ಎಲ್ಬೋ ಹಾಕಿಸಿ. ಸ್ವಲ್ಪ ದುಬಾರಿ, ಆದರೆ ಪ್ಲಾಸ್ಟಿಕ್ ಮರೆ ನಲ್ಲಿ ತಿರುಗಿಸಿ ಬಿಗಿ ಮಾಡುವಾಗಲೇ ಸೀಳಬಹುದು.

ಟ್ಯಾಂಕಿನ ಮೇಲೆ ನಿಂತ ಗಾಳಿ ಪೈಪಿಗೆ ಯಾರು ಹೇಳಿದರೂ ಮುಚ್ಚಳ ಹಾಕಬೇಡಿ. ಆವಿಗೆ ದಾರಿ ಇಲ್ಲದೆ ಟ್ಯಾಂಕೇ ಒಡೆಯಬಹುದು.

ಇನ್ನು ಜಾಗ. ಬಿಸಿಲು ಬೀಳುವುದಾದರೆ ಟ್ಯಾಂಕನ್ನು ಬಚ್ಚಲಿನ ನೆತ್ತಿಯ ಮೇಲೇ ಕೂರಿಸಿ. ಪೈಪಿನ ಖರ್ಚೂ ಕಡಿಮೆ, ಬಿಸಿನೀರು ಬರುವವರೆಗೆ ಚರಂಡಿಗೆ ಬಿಡುವ ತಣ್ಣೀರೂ ಕಡಿಮೆ.