ಜೊತೆಗೆ ಓಡುವವರು ಬೇಕು

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಶಾಲೆಗಳ ಸ್ನೇಹಸಮ್ಮೇಳನದ ಕಾಲ ಬಂತೆಂದರೆ, ಅಂಗವೈಕಲ್ಯವನ್ನು ಮೀರಿದ ಸಾಧಕರೊಬ್ಬರನ್ನು ಬರಮಾಡಿಕೊಂಡು, ಅವರಿಂದ ಸ್ಫೂರ್ತಿಯ ನಾಲ್ಕು ಮಾತುಗಳನ್ನು ಕೇಳಿ, ಶಾಲು ಹೊದಿಸಿ ಬೀಳ್ಕೊಡುವುದು ನಮಗೆ ಪ್ರಿಯವಾದ ಪದ್ಧತಿ. ಆ ಗೌರವ ಯೋಗ್ಯವಾದುದೇ. ಆದರೆ ಆ ವೇದಿಕೆಯನ್ನೇರುವ ಮೊದಲು ಅವರು ಸವೆಸಿದ ದಾರಿಯಲ್ಲಿ ಜೊತೆಗಿದ್ದವರು ಯಾರೆಂದು ವಿಚಾರಿಸುವವರು ವಿರಳ.

ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರನ್ನೇ ನೋಡಿ. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮಾತೂ ಶ್ರವಣವೂ ಇಲ್ಲದ ಅಜ್ಜಿಯ ಆಶ್ರಯದಲ್ಲಿ ಬೆಳೆದ ಈ ದೃಷ್ಟಿಹೀನ ಬಾಲೆ, ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದಿ, 2018ರಲ್ಲಿ ಜಕಾರ್ತದಲ್ಲಿಯೂ, 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌನಲ್ಲಿಯೂ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಸ್ವರ್ಣಪದಕವನ್ನು ಗಳಿಸಿದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಟಿ-11 ವರ್ಗದ ಇದೇ ಓಟಕ್ಕೆ ಇಳಿದ ಪ್ರಥಮ ಭಾರತೀಯ ಮಹಿಳೆ ಅವರು. ಅಂತಿಮ ಸುತ್ತು ದಕ್ಕಲಿಲ್ಲವೆಂಬುದರಿಂದ ಆ ಹಿರಿಮೆಗೇನೂ ಕುಂದಿಲ್ಲ.

ಈ ವರ್ಗದಲ್ಲಿ ಸ್ಪರ್ಧಿಗಳೆಲ್ಲರೂ ಬೆಳಕು ನುಸುಳದಂತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಒಂದು ಗಿಡ್ಡ ಹಗ್ಗದ ಆಧಾರದಿಂದ ಗೈಡ್ ರನ್ನರ್ ಜೊತೆಯಲ್ಲಿ ಓಡಬೇಕು. ಆ ಸಹಚರನು ಓಟಗಾರ್ತಿಯನ್ನು ಎಳೆಯುವಂತಿಲ್ಲ, ದೂಡುವಂತಿಲ್ಲ, ಅಂತಿಮ ಗೆರೆಯನ್ನು ಆಕೆಗಿಂತ ಮೊದಲು ದಾಟುವಂತಿಲ್ಲ. ತಿರುವು ಬಂದುದನ್ನೂ ಎದುರಾಳಿ ಸಮೀಪಿಸಿದುದನ್ನೂ ಉಸಿರಿನ ನಡುವೆಯೇ ತಿಳಿಸುತ್ತ, ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ, ಗೆಲವನ್ನು ಆಕೆಗೇ ಬಿಟ್ಟುಕೊಡಬೇಕು. ಸ್ವತಃ ಓಟಗಾರರಾಗಿದ್ದ ರಾಹುಲ್ ಬಾಲಕೃಷ್ಣ ಅವರು ರಕ್ಷಿತಾರಿಗೆ ತರಬೇತುದಾರರೂ ಆಗಿ, ಈ ಸಹಚರರೂ ಆಗಿ ವರ್ಷಗಟ್ಟಲೆ ದುಡಿದರು. ಈ ಬಂಧದ ನಿಯಮವಾದರೂ ಎಷ್ಟು ಕಠಿನ! ಅದೇ ಪ್ಯಾರಿಸ್‌ನ ಮ್ಯಾರಥಾನಿನಲ್ಲಿ ಸ್ಪೇನಿನ ಎಲೆನಾ ಕಾಂಗೋಸ್ತ್, ಗೆರೆಗೆ ಕೆಲವೇ ಹೆಜ್ಜೆಗಳಿರುವಾಗ ಕುಸಿಯತೊಡಗಿದ ತನ್ನ ಸಹಚರನನ್ನು ಹಿಡಿದೆತ್ತಲು ಕ್ಷಣಮಾತ್ರ ಹಗ್ಗವನ್ನು ಬಿಟ್ಟುದಕ್ಕಾಗಿ ಅಂದು ಅನರ್ಹರೆನಿಸಿ ಕಂಚಿನ ಪದಕದಿಂದ ವಂಚಿತರಾದರು. ಆ ತೀರ್ಪು ನಿಯಮಬದ್ಧವಾಗಿರಬಹುದು, ನ್ಯಾಯವೆಂದು ನನ್ನ ಮನಸ್ಸು ಒಪ್ಪದು.

ನಮ್ಮ ಮೂರು ತಾಲೂಕುಗಳಲ್ಲಿ ಓಡಲು ಸ್ಥಳದ ಕೊರತೆಯಿಲ್ಲ. ವಾಹನಗಳು ಧಾವಿಸುವ ಹೆದ್ದಾರಿ ಅಂಧ ಬಾಲಕನಿಗೆ ಅಪಾಯಕರವಾದರೂ, ಮುರ್ಡೇಶ್ವರ, ಕಾಸರಕೋಡು, ವನ್ನಳ್ಳಿಗಳ ಕಡಲತೀರದಲ್ಲಿ ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ, ಎಡವಲು ಕಲ್ಲಿಲ್ಲದ ನೀಳವಾದ ಹಾದಿ ತೆರೆದಿರುತ್ತದೆ. ಇಲ್ಲದಿರುವುದು ಮುಂಜಾನೆ ಎದ್ದು ಹಗ್ಗದ ಇನ್ನೊಂದು ತುದಿಯನ್ನು ಹಿಡಿಯುವವರು. ಸ್ಫೂರ್ತಿಯ ಭಾಷಣವನ್ನು ಕೇಳಿ ಕಣ್ಣೊರೆಸಿಕೊಳ್ಳುವುದು ಒಂದು ಸಂಜೆಯ ಕೆಲಸ; ಇದು ವರ್ಷಗಳ ವ್ರತ.

ಆದುದರಿಂದ ದಿನವೂ ತೀರದಲ್ಲಿ ಓಡುವ ಅಭ್ಯಾಸವುಳ್ಳ ತರುಣ ತರುಣಿಯರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮೂರ ಶಾಲೆಯ ದೈಹಿಕ ಶಿಕ್ಷಕರನ್ನು ಈ ವಾರವೇ ಕಂಡು, ಆಟದ ಅವಧಿಯಲ್ಲಿ ಮೈದಾನಕ್ಕಿಳಿಯದೆ ತರಗತಿಯಲ್ಲೇ ಉಳಿಯುವ ದೃಷ್ಟಿಹೀನ ಮಗುವೊಂದಿದೆಯೇ ಎಂದು ವಿಚಾರಿಸಿರಿ, ಇದ್ದರೆ, ಮನೆಯವರ ಒಪ್ಪಿಗೆ ಪಡೆದು ಅದನ್ನು ನಿಮ್ಮೊಡನೆ ಓಡಲು ಕರೆದುಕೊಂಡು ಹೋಗಿರಿ.