ಎಡಿಎಚ್‌ಡಿ ಇರುವ ಹುಡುಗರಿಗೆ ಶಾಲೆಯಲ್ಲೇ ಸ್ನೇಹದ ನೆರವು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ,
ಬೆಂಗಳೂರು.

ಇವರಿಂದ,
ಎಡಿಎಚ್‌ಡಿ ಇರುವ ಮಕ್ಕಳ ಪೋಷಕರು,
ಮೈಸೂರು ಜಿಲ್ಲೆ.

ವಿಷಯ: ಎಡಿಎಚ್‌ಡಿ ಇರುವ ಹುಡುಗರು ಸಹಪಾಠಿಗಳೊಂದಿಗೆ ಬೆರೆತು ಸ್ನೇಹ ಬೆಳೆಸಿಕೊಳ್ಳಲು ಶಾಲೆಗಳಲ್ಲಿ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಗಮನದ ಕೊರತೆ, ಅತಿಚಟುವಟಿಕೆ ಮತ್ತು ದುಡುಕು ಎಡಿಎಚ್‌ಡಿಯ ಮುಖ್ಯ ಲಕ್ಷಣಗಳು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಹೆತ್ತವರ ಮುದ್ದಿನಿಂದಾಗಲಿ ಮಗುವಿನ ಹಟದಿಂದಾಗಲಿ ಬಂದದ್ದಲ್ಲ. ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಳ್ಳುತ್ತವೆ. ಹುಡುಗಿಯರಿಗಿಂತ ಹುಡುಗರಲ್ಲಿ ಇದನ್ನು ಹೆಚ್ಚಾಗಿ ಗುರುತಿಸಲಾಗುತ್ತದೆ.

ಪಾಠದಲ್ಲಿ ಹಿಂದೆ ಬಿದ್ದರೆ ಶಿಕ್ಷಕರು ನಮ್ಮನ್ನು ಕರೆಸುತ್ತಾರೆ. ಆಟದಲ್ಲಿ ಒಂಟಿಯಾದರೆ ಯಾರೂ ಕರೆಸುವುದಿಲ್ಲ. ನಮ್ಮ ಹುಡುಗ ಲಗೋರಿಯಲ್ಲಿ ಸರದಿಗೆ ಮೊದಲೇ ಚೆಂಡು ಕಸಿಯುತ್ತಾನೆ, ಔಟಾದರೆ ಒಪ್ಪದೆ ರಂಪ ಮಾಡುತ್ತಾನೆ, ಬಿಸಿಯೂಟದ ಸಾಲಿನಲ್ಲಿ ನುಗ್ಗುತ್ತಾನೆ. ಕೆಲವೇ ದಿನಗಳಲ್ಲಿ ತರಗತಿಯೆಲ್ಲ ಅವನಿಗೆ ಟೂ ಬಿಡುತ್ತದೆ. ಮನೆಯಲ್ಲಿ ಕೂರಿಸಿ ಕೇಳಿದರೆ ಆಟದ ನಿಯಮವನ್ನೆಲ್ಲ ತಪ್ಪಿಲ್ಲದೆ ಹೇಳುತ್ತಾನೆ. ಗೊತ್ತಿರುವುದನ್ನು ಆ ಗಳಿಗೆಯಲ್ಲಿ ಪಾಲಿಸಲು ಆಗದಿರುವುದೇ ಅವನ ತೊಂದರೆ. ಆದ್ದರಿಂದಲೇ ಆಪ್ತಸಮಾಲೋಚಕರ ಕೋಣೆಯಲ್ಲಿ ಕಲಿತದ್ದು ಮೈದಾನದವರೆಗೆ ಬರುವುದು ಕಷ್ಟ. ನೆರವು ಮೈದಾನದಲ್ಲೇ ಸಿಗಬೇಕು. ಹುಡುಗ ಸುಧಾರಿಸಿದ ಮೇಲೂ ‘ಅವನ ಜೊತೆ ಸೇರಬೇಡ’ ಎಂಬ ಮಾತು ಉಳಿದುಬಿಡುವುದರಿಂದ ಸಹಪಾಠಿಗಳ ಮನಸ್ಸನ್ನೂ ತಿದ್ದಬೇಕಾಗುತ್ತದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ. ಆದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಅದು ಪ್ರತ್ಯೇಕವಾಗಿ ಇಲ್ಲ. ಹೀಗಾಗಿ, ಜೊತೆಗೆ ಕಲಿಕಾ ನ್ಯೂನತೆಯೂ ಇಲ್ಲದ ಮಗು ಗುರುತಿಸಲ್ಪಟ್ಟರೂ ಸೌಲಭ್ಯದ ಪಟ್ಟಿಗೆ ಸೇರುವುದು ಕಷ್ಟ.

ಆದಕಾರಣ ನಮ್ಮ ಬೇಡಿಕೆಗಳು:

1. ನಿಮ್ಹಾನ್ಸ್ ತಜ್ಞರ ನೆರವಿನಿಂದ ಡಿಎಸ್‌ಇಆರ್‌ಟಿ ಒಂದು ತರಬೇತಿ ಕೈಪಿಡಿ ಸಿದ್ಧಪಡಿಸಿ, ಡಯಟ್‌ಗಳ ಮೂಲಕ ತರಗತಿ ಶಿಕ್ಷಕರಿಗೂ ದೈಹಿಕ ಶಿಕ್ಷಕರಿಗೂ ತರಬೇತಿ ಕೊಡಬೇಕು. ಆಟಕ್ಕೆ ಮುಂಚೆ ಒಂದೇ ಒಂದು ನಿಯಮ ನೆನಪಿಸುವುದು, ಹುಡುಗ ಅದನ್ನು ಪಾಲಿಸಿದ ಕೂಡಲೇ ಮೆಚ್ಚುವುದು ಇದರ ತಿರುಳಾಗಬೇಕು.

2. ತಪ್ಪಿಗೆ ಶಿಕ್ಷೆಯಾಗಿ ಬಿಡುವಿನ ವೇಳೆಯನ್ನೋ ಆಟದ ಪೀರಿಯಡ್ಡನ್ನೋ ಕಸಿಯಬಾರದೆಂದು ಸುತ್ತೋಲೆ ಹೊರಡಿಸಬೇಕು. ಹಾಗೆ ಕಸಿದರೆ ಸ್ನೇಹ ಕಲಿಯುವ ಅವಕಾಶವೇ ತಪ್ಪುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವುದನ್ನು ಸುತ್ತೋಲೆಯಲ್ಲಿ ನೆನಪಿಸಬೇಕು.

3. ನಾಯಕರೇ ಒಬ್ಬೊಬ್ಬರನ್ನು ಆರಿಸಿಕೊಂಡು ತಂಡ ಕಟ್ಟುವಾಗ ನಮ್ಮ ಹುಡುಗನೇ ಕೊನೆಗೆ ಉಳಿಯುತ್ತಾನೆ. ತಂಡಗಳನ್ನೂ ಜೋಡಿಗಳನ್ನೂ ಶಿಕ್ಷಕರೇ ಮಾಡಬೇಕು. ಸಂಭ್ರಮ ಶನಿವಾರದಂದು ಇಬ್ಬರು ಮೂವರು ಕೂಡಿ ಮುಗಿಸುವ ಚಟುವಟಿಕೆಗಳಿಗೆ ಆದ್ಯತೆ ಕೊಡಬೇಕು.

4. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ತಿಂಗಳಿಗೊಮ್ಮೆ ಕ್ಲಸ್ಟರ್ ಮಟ್ಟದಲ್ಲಿ ಪೋಷಕರಿಗೆ ಮಾರ್ಗದರ್ಶನ ನೀಡಬೇಕು. ಒಬ್ಬನೇ ಗೆಳೆಯನನ್ನು ಮನೆಗೆ ಕರೆಯುವುದು, ಆಡುವ ಆಟವನ್ನು ಮೊದಲೇ ಗೊತ್ತುಮಾಡುವುದು, ಜಗಳಕ್ಕೆ ಮುಂಚೆಯೇ ಆಟ ಮುಗಿಸುವುದು ಇವನ್ನು ನಾವೂ ಕಲಿಯಬೇಕಾಗಿದೆ.

5. ತಪಾಸಣೆಯಲ್ಲಿ ಗುರುತಿಸಿದ ಮಗುವಿನ ವಿವರ ಸಂಬಂಧಪಟ್ಟ ಶಿಕ್ಷಕರಿಗಷ್ಟೇ ತಿಳಿದಿರಬೇಕು. ತರಗತಿಯಲ್ಲಿ ಹೇಳುವುದಾಗಲಿ, ವರ್ಗಾವಣೆ ಪತ್ರದಲ್ಲಿ ಬರೆಯುವುದಾಗಲಿ ಕೂಡದು.

6. ಮುಂದಿನ ಶೈಕ್ಷಣಿಕ ವರ್ಷದ ಆರಂಭದಿಂದಲೇ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಇವನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಿ, ಉಸ್ತುವಾರಿಗೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ. ಇಡೀ ತರಗತಿ ನಮ್ಮ ಮಗನನ್ನು ಮೆಚ್ಚಬೇಕೆಂದೂ ನಾವು ಕೇಳುತ್ತಿಲ್ಲ. ಊಟದ ಹೊತ್ತಿಗೆ ಪಕ್ಕದಲ್ಲಿ ಜಾಗ ಹಿಡಿದಿಡುವ ಒಬ್ಬ ಗೆಳೆಯ ಸಿಕ್ಕರೂ ಅವನು ಬೆಳಿಗ್ಗೆ ಶಾಲೆಗೆ ಹೊರಡಲು ಅಳುವುದಿಲ್ಲ. ತಾವು ದಯಮಾಡಿ ಈ ಬೇಡಿಕೆಗಳನ್ನು ಪರಿಶೀಲಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
(ಪೋಷಕರ ಸಹಿಗಳು)

ಸ್ಥಳ: ಮೈಸೂರು